ಒಂದು ಮನೆ ಬೇಡ ಅಂದ ಬ್ರೋಕರ್

ಮೇಲಿನ ಮನೆಗೆ ಹೊಸ ಬಾಡಿಗೆಯವರು ಬರುತ್ತಾರೆಂದು ಮೊನ್ನೆ ಪೇಂಟ್ ಹೊಡೆಸುತ್ತಿದ್ದರು. ಆ ವಾಸನೆ ಮೆಟ್ಟಿಲಿಳಿದು ನಮ್ಮ ಹಾಲ್‌ಗೆ ಬಂದಾಗ ನೆನಪಾದವರು ನಮಗೆ ಈ ಮನೆ ಕೊಡಿಸಿದ ಬ್ರೋಕರ್ ಯಜಮಾನರು. ಯಾವ ಮನೆಗೆ ಹೋದರೂ ಅವರು ಮೊದಲು ಗೋಡೆ ಮೂಸುತ್ತಿದ್ದರು. ಉಳಿದೆಲ್ಲ ಹಳತಾಗಿ ಒಂದೇ ಗೋಡೆಗೆ ಹೊಸ ಪೇಂಟ್ ಇದ್ದರೆ ಒಳಗೆ ನೀರು ಜಿನುಗುತ್ತಿದೆ ಎಂದೇ ಅರ್ಥವಂತೆ. ಓನರ್ ಎದುರಿಗೇ ಗೋಡೆಗೆ ಮೂಗು ಹಚ್ಚುತ್ತಿದ್ದರು. ನಾಚಿಕೆ ಮಾತ್ರ ನನಗಾಗುತ್ತಿತ್ತು.

ಹತ್ತು ವರ್ಷದ ಹಿಂದಿನ ಮಾತು. ಟಿ. ದಾಸರಹಳ್ಳಿಯಲ್ಲಿ ನಾವಿದ್ದ ಬಾಡಿಗೆ ಮನೆಯ ಓನರ್, ಮಗನಿಗೆ ಮದುವೆ ಗೊತ್ತಾಯಿತು, ಮೂರು ತಿಂಗಳಲ್ಲಿ ಖಾಲಿ ಮಾಡಿ ಎಂದರು. ಅದು ನಮ್ಮ ಆರನೇ ಬಾಡಿಗೆ ಮನೆ. ಇನ್ನೊಂದು ಸಲ ಅಟ್ಟದಿಂದ ಪಾತ್ರೆ ಇಳಿಸುವುದಾದರೆ ಅದು ಸ್ವಂತ ಮನೆಗೇ ಎಂದು ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಳು. ಅವಳು ತೀರ್ಪು ಕೊಟ್ಟ ಮೇಲೆ ನಮ್ಮಲ್ಲಿ ಅಪೀಲಿಲ್ಲ.

ನಾನು ಮಹಾ ಬುದ್ಧಿವಂತನೆಂದು ನನಗೆ ನಂಬಿಕೆಯಿದ್ದ ಕಾಲ ಅದು. ಒಬ್ಬ ಬ್ರೋಕರ್ ಹುಡುಕುವುದಕ್ಕಿಂತ ಏಳು ಜನ ಹುಡುಕಿದರೆ ಒಳ್ಳೆಯದಲ್ಲವೇ? ಹೆಬ್ಬಾಳದಿಂದ ಯಲಹಂಕದವರೆಗೆ ಏಳು ಜನರನ್ನು ಹಿಡಿದೆ. ಪ್ರತಿಯೊಬ್ಬರಿಗೂ "ನಿಮ್ಮೊಬ್ಬರಿಗೇ ಹೇಳಿರೋದು" ಎಂದೆ. ಯಜಮಾನರು ಐದನೆಯವರು. ಅಮೃತಹಳ್ಳಿಯ ಹಳೇ ಊರಿನ ರೈತರು. ಹೊಲ ಗದ್ದೆಯೆಲ್ಲ ಲೇಔಟ್ ಆದ ಮೇಲೆ ಈ ಕೆಲಸ ಹಿಡಿದಿದ್ದರು. ನನ್ನ ಮಾತು ಕೇಳಿ ಒಂದು ಗಳಿಗೆ ಮುಖವನ್ನೇ ನೋಡಿ, "ಆಗ್ಲಿ ಸ್ವಾಮಿ" ಎಂದು ಎಲೆಗೆ ಸುಣ್ಣ ಹಚ್ಚಿಕೊಂಡರು...

ಮೊದಲ ವಾರ ಎರಡನೇ ಬ್ರೋಕರ್ ಅಮೃತಹಳ್ಳಿಯಲ್ಲೇ ಒಂದು ಮನೆ ತೋರಿಸಿದ. ಅಡುಗೆಮನೆ ತುಂಬ ಬೆಳಗಿನ ಬಿಸಿಲು. ಮಿಕ್ಸಿ ಎಲ್ಲಿಡಬೇಕೆಂದು ಹೆಂಡತಿ ನಿಂತಲ್ಲೇ ಯೋಚಿಸತೊಡಗಿದಳು. ನಾನು ಮಾತ್ರ ಗತ್ತಿನಿಂದ "ನೋಡಿ ಹೇಳ್ತೀವಿ" ಎಂದು ಹೊರಟುಬಂದೆ. ಮರುದಿನ ಮೂರನೆಯವನು "ಯಾರೂ ನೋಡಿಲ್ದಿರೋ ಮನೆ ಸಾರ್" ಎಂದು ಕರೆದುಕೊಂಡು ಹೋದ. ಅದೇ ಮನೆ! ಭಾನುವಾರ ಆರನೆಯವನೂ ಅದೇ ಗೇಟಿನ ಮುಂದೆ ಗಾಡಿ ನಿಲ್ಲಿಸಿದ. ಬೀಗದ ಕೈ ಇಟ್ಟುಕೊಂಡಿದ್ದ ಎದುರುಮನೆ ಅಜ್ಜಿ ಈ ಸಲ ಎದ್ದು ಬರಲೇ ಇಲ್ಲ. "ಸ್ವಿಚ್ ಎಲ್ಲೈತೆ ಅಂತ ನಿಮ್ಗೇ ಗೊತ್ತಲ್ಲಪ್ಪ, ಓಗಿ ಆಕ್ಕಳಿ" ಎಂದು ಕೂತಲ್ಲಿಂದಲೇ ಕೀ ಚಾಚಿದರು.

ಆ ಮನೆಯ ಓನರ್ ಮೈಸೂರಿನಲ್ಲಿದ್ದರು. ಒಬ್ಬರಾದ ಮೇಲೆ ಒಬ್ಬರು ಬ್ರೋಕರ್ ಫೋನ್ ಮಾಡಿ "ಗಟ್ಟಿ ಪಾರ್ಟಿ ಇದೆ ಸಾರ್" ಎಂದರೆ ಅವರಾದರೂ ಏನು ತಿಳಿಯಬೇಕು? ತಮ್ಮ ಮನೆ ಮುಂದೆ ಜನ ಕ್ಯೂ ನಿಂತಿದ್ದಾರೆಂದು ಎರಡು ಸಲ ಬೆಲೆ ಏರಿಸಿದರು. ಆ ಕ್ಯೂ ಪೂರ್ತಿ ನಾನೊಬ್ಬನೇ. ಬ್ಯಾಂಕಿನವರು ಕೊಡುವ ಸಾಲಕ್ಕೆ ಆ ಮನೆ ಎಟುಕದೆ ಹೋಯಿತು. ನನ್ನ ಕಾಲ ಮೇಲೆ ನಾನೇ ಚಪ್ಪಡಿ ಎಳೆದುಕೊಂಡಿದ್ದೆ. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, "ಏಳೂ ಜನ ಸೇರಿ ನಿಮ್ಗೆ ಏಳನೇ ಬಾಡಿಗೆ ಮನೆ ಹುಡುಕ್ಲಿ ಬಿಡಿ" ಎಂದಳು. ಅವಳು ಮಾತಾಡದೆ ಇದ್ದದ್ದೇ ವಾಸಿಯಾಗಿತ್ತು.

ಉಳಿದದ್ದು ಒಂದೇ ತಿಂಗಳು. ಹೋಗಿ ಯಜಮಾನರ ಮುಂದೆ ತಪ್ಪೊಪ್ಪಿಕೊಂಡೆ. ಅವರು ಹೊಟ್ಟೆ ಹಿಡಿದು ನಕ್ಕರು.

"ನಂಗೊತ್ತಿತ್ತು ಸ್ವಾಮಿ. ಕೀ ಕೊಡ್ತಿದ್ದ ಅಜ್ಜಿ ನಮ್ ಚಿಕ್ಕಮ್ಮ."

ಇನ್ನು ಮೇಲೆ ನೀವೊಬ್ಬರೇ ಎಂದು ಕೈ ಮುಗಿದರೆ ಅದಕ್ಕೂ ಒಪ್ಪಲಿಲ್ಲ. "ಈಗ್ಲೇ ಬ್ಯಾಡ. ನನ್ಜೊತೆ ನಾಕು ಮನೆ ನೋಡಿ. ನಾನಾಗಿ ನಾನೇ ಒಂದು ಮನೆ ಬ್ಯಾಡ ಅಂತೀನಲ್ಲ, ಅವತ್ತು ಒಪ್ಕಳಿ. ಎಲ್ಲಾ ಮನೇನೂ ಚೆನ್ನಾಗೈತೆ ಅನ್ನೋ ಬ್ರೋಕರ್‌ನ ನಂಬಬ್ಯಾಡಿ."

ಮೂರನೇ ಮನೆ ನೋಡಿ ನನಗೆ ತಲೆ ತಿರುಗಿತು. ಮುಖ ಕಾಣುವಂಥ ಗ್ರಾನೈಟ್, ಲಿಫ್ಟ್, ಬೆಲೆಯೂ ನಮ್ಮ ಅಳತೆಗೆ ಸರಿ. ಕೊಡಲು ಅವಸರ ಮಾಡುತ್ತಿದ್ದ ಓನರ್ ಬೇರೆ. ಅಡ್ವಾನ್ಸ್ ಕೊಟ್ಟೇಬಿಡೋಣ ಎಂದೆ. ಯಜಮಾನರು ಒಳಗೂ ಬರದೆ ರಸ್ತೆಯಲ್ಲೇ ನಿಂತು ಕೆರೆ ಏರಿಯ ಕಡೆ ನೋಡುತ್ತಿದ್ದರು.

"ಬ್ಯಾಡ ಸ್ವಾಮಿ. ಇದು ನಮ್ ಗದ್ದೆ. ನಮ್ಮಪ್ಪ ಇಲ್ಲಿ ಭತ್ತ ನಾಟಿ ಮಾಡ್ತಿದ್ದ. ಕೆರೆ ತುಂಬಿ ಕೋಡಿ ಬಿದ್ರೆ ನೀರು ಇಲ್ಗೇ ಬರೋದು. ಈವಯ್ಯ ಕಾಗ್ದ ಎಲ್ಲಾ ಸರಿಯಾಗಿ ಮಡ್ಗವ್ನೆ, ಆದ್ರೆ ನೀರ್ಗೆ ಓದಕ್ ಬರಕಿಲ್ಲ. ರಾಗಿ ಬೆಳೀತಿದ್ದ ಕಡೆ ತೋರುಸ್ತೀನಿ ಬನ್ನಿ."

ಹೂಂ ಎಂದಿದ್ದರೆ ಅವರ ಕಮಿಷನ್ ಅವತ್ತೇ ಗಟ್ಟಿಯಾಗುತ್ತಿತ್ತು. ಅದು ಹೊಳೆದಾಗ ಆ ಮನುಷ್ಯನ ಮೇಲೆ ನನಗೆ ಪ್ರೀತಿ ಉಕ್ಕಿಬಂತು. ಅಲ್ಲೇ ನಿಂತು ಉಳಿದ ಆರು ಜನಕ್ಕೂ ಫೋನ್ ಮಾಡಿ ಬೇಡ ಎಂದೆ. ಬೈಗುಳ ಬಿದ್ದವು, ಬೀಳಬೇಕಾದದ್ದೇ.

ಗಡುವಿಗೆ ಒಂದು ವಾರ ಇರುವಾಗ ದಿಬ್ಬದ ಮೇಲಿನ ಈ ಮನೆ ಸಿಕ್ಕಿತು. ಲಿಫ್ಟಿಲ್ಲ. ಅಡುಗೆಮನೆಗೆ ಬೆಳಗಿನ ಬಿಸಿಲಿಲ್ಲ, ಅದನ್ನು ಹೆಂಡತಿ ಇಂದಿಗೂ ಜ್ಞಾಪಿಸುತ್ತಾಳೆ. ಗೃಹಪ್ರವೇಶಕ್ಕೆ ಬಂದು ಉಂಡು ಹೋದ ಯಜಮಾನರಿಗೆ ಆಮೇಲೆ ನಾನು ಒಮ್ಮೆಯೂ ಫೋನ್ ಮಾಡಲಿಲ್ಲ. ಮನೆ ಸಿಕ್ಕ ಮೇಲೆ ಬ್ರೋಕರ್‌ನನ್ನು ಯಾರು ವಿಚಾರಿಸುತ್ತಾರೆ...

ಹೋದ ತಿಂಗಳು ಇಡೀ ರಾತ್ರಿ ಮಳೆ ಸುರಿಯಿತು. ಬೆಳಗ್ಗೆ ಹೋಗಿ ನೋಡಿದರೆ ಆ ಗ್ರಾನೈಟ್ ಮನೆಯ ಬೀದಿಯಲ್ಲಿ ಸೊಂಟದುದ್ದ ನೀರು, ಜನರನ್ನು ಟ್ರ್ಯಾಕ್ಟರಿನಲ್ಲಿ ಹತ್ತಿಸಿಕೊಂಡು ಬರುತ್ತಿದ್ದರು. ನಮ್ಮ ಬೀದಿ ಬರೀ ಒದ್ದೆ. ಮನೆಗೆ ಬಂದವನೇ ಯಜಮಾನರಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ಮಗಳು. ಅಪ್ಪ ತೀರಿಹೋಗಿ ಎಂಟು ತಿಂಗಳಾಯಿತು ಎಂದರು.

ಹತ್ತು ವರ್ಷ ಈ ಮನೆಯಲ್ಲಿ ನೆಮ್ಮದಿಯಾಗಿ ಮಲಗಿ, ಒಂದು ಫೋನ್ ಮಾಡಲು ಹೊತ್ತು ಸಿಗದ ನನ್ನ ಮೇಲೆ ನನಗೇ ಅಸಹ್ಯವಾಯಿತು.

"ನಿಮ್ಮನೆಗೂ ನೀರು ಬರ್ಲಿಲ್ಲ ಅಂತ ಹೇಳೋಕಾ ಸಾರ್?" ಅವರೇ ಕೇಳಿದರು. "ಬೆಳಗ್ಗೆಯಿಂದ ನೀವು ನಾಲ್ಕನೆಯೋರು. ಅಪ್ಪನ ನಂಬರ್ ನಿಲ್ಲಿಸ್ಬಿಡೋಣ ಅಂತಿದ್ವಿ... ಮಳೆಗಾಲ ಮುಗೀಲಿ ಅಂತ ಇಟ್ಕೊಂಡಿದೀವಿ."