ಡೋರ್ಕಸಳ ಬೆಳ್ಳಿ ಸೂರು

ಸೂರ್ಯ ಹುಟ್ಟುತ್ತಲೇ ಕೊಲ್ಲಿಯ ಹಿಮಗಡ್ಡೆ ಒಮ್ಮೆ ಮುಲುಗಿತು. ಖಾಲಿ ಹಜಾರದಲ್ಲಿ ಯಾರೋ ಉದ್ದನೆಯ ಬೆಂಚನ್ನು ಎಳೆದ ಹಾಗಿನ ಸದ್ದು. ದಡದಿಂದ ಶುರುವಾಗಿ ಸಮುದ್ರದ ಕಡೆಗೆ ಓಡಿ ಎಲ್ಲೋ ಕರಗಿಹೋಯಿತು. ಡೋರ್ಕಸ್ ಕಣ್ಣು ಬಿಡಲಿಲ್ಲ. ಅರವತ್ತು ವಸಂತಗಳಲ್ಲಿ ಅವಳು ಕೇಳಿದ ಸದ್ದು ಅದು. ಅವಳು ಕಾಯುತ್ತಿದ್ದದ್ದು ಅದರ ಹಿಂದೆ ಬರಬೇಕಾದ ಇನ್ನೊಂದಕ್ಕೆ.

ಅದೂ ಬಂತು. ದಕ್ಷಿಣದಿಂದ, ಮೊದಲು ಒಂದೇ ಕೂಗು, ಆಮೇಲೆ ಹಲವು ಕೂಗುಗಳು ಒಂದರ ಮೇಲೊಂದು. ಹೆಬ್ಬಾತುಗಳು ಬಿಡಾರದ ಹತ್ತಿರ ಬಂದವು, ಇನ್ನೂ ಹತ್ತಿರ ಬಂದವು. ಅಷ್ಟರಲ್ಲಿ ಕೂಗಿನ ದನಿ ಬದಲಾಯಿತು. ಗಡಸಾಗಿ, ಅವಸರವಾಗಿ ಮೇಲಕ್ಕೇರಿ, ಒಳನಾಡಿನ ಕಡೆಗೆ ಹೊರಳಿ ತೆಳ್ಳಗಾಯಿತು.

"ಇವತ್ತೂ ಹೋದ್ವು," ಎಂದ ಸೈಲಸ್, ಬಟ್ಟೆಯ ಪರದೆಯ ಆಚೆಯಿಂದ.

ಡೋರ್ಕಸ್ ಎದ್ದು ಒಲೆಗೆ ಸೌದೆ ಇಟ್ಟಳು.

ಜೇಮ್ಸ್ ಕೊಲ್ಲಿಯ ಆ ದಡದಲ್ಲಿ ಅವರ ಕ್ರೀ ಬುಡಕಟ್ಟಿನ ಮನೆತನ ಪ್ರತಿ ವಸಂತಕ್ಕೂ ಹೆಬ್ಬಾತಿನ ಬೇಟೆಗೆ ಬಂದು ಇಳಿಯುವುದು ಒಂದೇ ಸೂರಿನ ಕೆಳಗೆ. ಮರದ ಚೌಕಟ್ಟು, ದಪ್ಪ ಬಟ್ಟೆಯ ಗೋಡೆ, ನಡುವೆ ತಗಡಿನ ಒಲೆ, ನೆಲಕ್ಕೆ ಸ್ಪ್ರೂಸ್ ಮರದ ಹಸಿ ಸೊಪ್ಪು. ಒಂದು ಮೂಲೆಯಲ್ಲಿ ಡೋರ್ಕಸ್ ಮತ್ತು ಅವಳ ಮಗಳು ಯೂನಿಸ್, ಯೂನಿಸಳ ಎಳೆಮಗು ಲಿಡಿಯಾ. ಇನ್ನೊಂದು ಮೂಲೆಯಲ್ಲಿ ಮೈದುನ ಸೈಲಸ್, ಅವನ ಹೆಂಡತಿ ಜೆಮೈಮಾ. ಡೋರ್ಕಸ್ ಹುಟ್ಟಿದ್ದು ಇದೇ ದಡದಲ್ಲಿ. ಬಾಲ್ಯದಲ್ಲಿ ಸರ್ಕಾರದವರು ದೂರದ ವಸತಿ ಶಾಲೆಗೆ ಕರೆದೊಯ್ದಿದ್ದ ಕೆಲವು ವರ್ಷಗಳನ್ನು ಬಿಟ್ಟರೆ ಅವಳ ವಸಂತಗಳೆಲ್ಲ ಇಲ್ಲಿಯವು. ಆ ಶಾಲೆಯ ವಸಂತಗಳ ಬಗ್ಗೆ ಅವಳು ಹೇಳುವುದು ಇಷ್ಟೇ: ಅಲ್ಲಿ ಕಿಟಕಿ ಎತ್ತರದಲ್ಲಿತ್ತು, ಹಕ್ಕಿಗಳು ಕೇಳಿಸುತ್ತಿದ್ದವು, ಕಾಣುತ್ತಿರಲಿಲ್ಲ.

ಗಂಡ ಗಿಡಿಯನ್ ಬೇಟೆಯ ಯಜಮಾನನಾಗಿದ್ದ. ಹಕ್ಕಿ ಇಳಿಯುವ ಯಾವ ಹೊಂಡದ ಬಳಿ ಕೂರಬೇಕು, ಯಾವ ಹೊಂಡಕ್ಕೆ ಬಿಡುವು ಕೊಡಬೇಕು, ಯಾವಾಗ ಕೋವಿ ಎತ್ತಬಾರದು ಎಂದು ಹೇಳುವವನು. ಗಾಳಿ ಇಲ್ಲದ ದಿನ ಅವನು ಯಾರಿಗೂ ಗುಂಡು ಹಾರಿಸಲು ಬಿಟ್ಟವನಲ್ಲ. ಗಾಳಿಯಿಲ್ಲದಾಗ ಸದ್ದು ದೂರ ಹೋಗುತ್ತದೆ, ಹಕ್ಕಿಗಳು ಆ ಜಾಗವನ್ನು ನೆನಪಿಟ್ಟುಕೊಂಡು ದೂರವಾಗುತ್ತವೆ. ಅವನು ತೀರಿಕೊಂಡು ಎರಡು ಚಳಿಗಾಲ ಕಳೆದಿದ್ದವು. ಹೋದ ವಸಂತದಲ್ಲಿ ಯಾರೂ ಇಲ್ಲಿಗೆ ಬಂದಿರಲಿಲ್ಲ. ಈಗ ಯಜಮಾನಿಕೆ ಸೈಲಸನದು.

ಸೈಲಸ್ ಚಹಾ ಹಿಡಿದು ಕೂತ.

"ಅತ್ತಿಗೆ, ಒಂದು ಮಾತು. ಬೇಜಾರು ಮಾಡ್ಕೋಬೇಡ."

"ಹಾಗಂದ್ರೆ ಬೇಜಾರಿನ ಮಾತೇ."

"ಒಂದು ವರ್ಷ ನಾವು ಬರ್ಲಿಲ್ಲ. ಅವು ಈ ಹೊಂಡ ಮರೆತಿವೆ. ಕೊಲ್ಲಿ ಗಡ್ಡೆ ಕರಗಿ ಕಪ್ಪಾಗೋ ತನಕ ನೋಡೋಣ. ಅಷ್ಟರೊಳಗೆ ಇಳೀಲಿಲ್ಲ ಅಂದ್ರೆ ಬರೋ ವರ್ಷದಿಂದ ರಸ್ತೆ ಪಕ್ಕದ ಜಾಗಕ್ಕೆ ಹೋಗೋಣ. ಅಲ್ಲಿ ನನ್ನ ಮಾವನ ಕಡೆಯೋರು ಜಾಗ ಕೊಡ್ತೀವಿ ಅಂದಿದಾರೆ."

"ಕಾರು ಬಾಗಿಲ ತನಕ ಬರುತ್ತೆ," ಎಂದಳು ಜೆಮೈಮಾ. "ನನ್ನ ಮಂಡಿಗೆ ಅಷ್ಟು ಸಾಕು."

ಯೂನಿಸ್ ತಾಯಿಯ ಮುಖ ನೋಡದೆ ಹೇಳಿದಳು, "ಹಾಗಾದ್ರೆ ಲಿಡಿಯಾಳ ಹೊರ ನಡಿಗೇನೂ ಅಲ್ಲೇ ಮಾಡೋಣ ಅಮ್ಮ. ಎಲ್ಲರೂ ಬರಬಹುದು."

ಲಿಡಿಯಾಳಿಗೆ ಆಗ ತಾನೇ ಕಾಲು ಬಂದಿತ್ತು. ಸೊಪ್ಪಿನ ನೆಲದ ಮೇಲೆ ಪೆಟ್ಟಿಗೆ ಹಿಡಿದು, ಅಜ್ಜಿಯ ಭುಜ ಹಿಡಿದು ನಿಲ್ಲುತ್ತಿದ್ದಳು. ಆದರೆ ಹೊರಗೆ ಅವಳ ಕಾಲು ನೆಲಕ್ಕೆ ತಾಕುವಂತಿರಲಿಲ್ಲ. ಮಗುವಿನ ಹೊರ ನಡಿಗೆ ಅಂತ ಒಂದು ಬೆಳಗು ಗೊತ್ತುಮಾಡಿ, ಸೂರ್ಯ ಹುಟ್ಟುವಾಗ ಬಾಗಿಲಿನಿಂದ ಅದನ್ನು ನಡೆಸಿಕೊಂಡು ಹೊರಗಿನ ಮರದ ಸುತ್ತ ಕರೆದೊಯ್ದು ಒಳಗೆ ತರಬೇಕು. ಅಲ್ಲಿಯವರೆಗೆ ಹೊರಗೆ ಹೋದರೆ ಎತ್ತಿಕೊಂಡೇ ಹೋಗಬೇಕು. ಡೋರ್ಕಸ್ ಈ ಬಾಗಿಲಿನಿಂದ ನಡೆದಿದ್ದಳು. ಯೂನಿಸ್ ನಡೆದಿದ್ದಳು. ಮರ ಅದೇ, ಈಗ ಸ್ವಲ್ಪ ವಾಲಿದೆ.

ಡೋರ್ಕಸ್ ಖಾಲಿ ಲೋಟ ಎತ್ತಿಕೊಂಡು ಹೊರಗೆ ಹೋದಳು. ಹೋದವಳೇ ಅಲ್ಲಿಂದ ಕೂಗಿದಳು.

"ಜೆಮೈಮಾ, ಇದ್ಯಾರು ಬೋಗುಣೀನ ಬಿಸಿಲಲ್ಲಿ ಇಟ್ಟಿದ್ದು?"

"ಮುಖ ತೊಳೆದೆ ಅಕ್ಕ, ಎತ್ತಿಡೋಕೆ ಮರೆತೆ."

"ಹೊಳೆಯೋ ಸಾಮಾನು ಹೊರಗೆ ಇಡಬಾರದು ಅಂತ ಎಷ್ಟು ಸಲ ಹೇಳ್ಬೇಕು? ಮೇಲಿಂದ ಅವಕ್ಕೆ ಕಣ್ಣಿಗೆ ಚುಚ್ಚಲ್ವ? ಆಮೇಲೆ ಹಕ್ಕಿ ಇಳೀಲಿಲ್ಲ, ಇಳೀಲಿಲ್ಲ ಅನ್ನೋದು."

ಜೆಮೈಮಾ ಬೋಗುಣಿಯನ್ನು ಒಳಗೆ ತಂದು ಮೂಲೆಯಲ್ಲಿ ಕವುಚಿಟ್ಟಳು. ಸೈಲಸನ ಕಡೆ ತಿರುಗಿ ಹುಬ್ಬು ಹಾರಿಸಿದಳು. ಅವನು ಚಹಾದೊಳಗೆ ನಕ್ಕ.

ಅವತ್ತು ನೆಲದ ಸೊಪ್ಪು ಬದಲಾಯಿಸುವ ದಿನ. ತಾಯಿ ಮಗಳು ಹಾಸಿಗೆಗಳನ್ನು ಹೊರಗೆ ಎಳೆದು ಹಳೆಯ ಸೊಪ್ಪನ್ನು ಕಂತೆ ಕಂತೆಯಾಗಿ ತೆಗೆದರು. ಬೂದಿಗಂದು ಬಣ್ಣಕ್ಕೆ ತಿರುಗಿದ್ದ ಅದನ್ನು ಸುಡುವಂತಿಲ್ಲ, ಕಾಲಿಗೆ ಸಿಗುವ ಕಡೆ ಎಸೆಯುವಂತಿಲ್ಲ. ಹಿಂಬದಿಯ ಮರಗಳ ಕೆಳಗೆ ಅದಕ್ಕೆಂದೇ ಒಂದು ಜಾಗ. ಹಲವು ವಸಂತಗಳ ಸೊಪ್ಪು ಅಲ್ಲಿ ಒಟ್ಟಿ ಕೂತಿತ್ತು. ತಳದ್ದು ಮಣ್ಣಾಗಿತ್ತು, ಮೇಲಿನದು ಎಲೆ ಉದುರಿ ಬರೀ ಕಡ್ಡಿ. ಆ ಕಡ್ಡಿಗಳು ಗಿಡಿಯನ್ ಕಡಿದು ತಂದವು. ಅವನು ಕೊಡಲಿಯನ್ನು ಓರೆಯಾಗಿ ಹಿಡಿಯುತ್ತಿದ್ದ, ತುದಿಗಳೆಲ್ಲ ಒಂದೇ ಕಡೆ ಓರೆ. ಡೋರ್ಕಸ್ ಈಗ ತೆಗೆದ ಕಂತೆಯನ್ನು ಅವುಗಳ ಪಕ್ಕಕ್ಕೆ ಇಟ್ಟಳು, ಮೇಲಕ್ಕಲ್ಲ.

ಹೊಸ ಸೊಪ್ಪು ಹೆಣೆಯುವಾಗ ಯೂನಿಸ್ ತಲೆಯೆತ್ತಿ ಸೂರು ನೋಡಿದಳು. "ಒಂದು ಹನಿ ಸೋರಿಲ್ಲ ಅಮ್ಮ. ನೀನು ತರಿಸಿದ್ದು ಒಳ್ಳೇದಾಯ್ತು."

ಡೋರ್ಕಸಳಿಗೆ ಆ ಬೆಳಗಿನಲ್ಲಿ ಸಿಕ್ಕ ಒಂದೇ ಸಮಾಧಾನ ಅದು. ಎರಡು ಶರತ್ಕಾಲದ ಹಿಂದೆ ಕರಡಿಯೊಂದು ಸೂರು ಹರಿದಿತ್ತು. ಹಳೆಯ ಬಟ್ಟೆಗೆ ತೇಪೆಯ ಮೇಲೆ ತೇಪೆ ಹಾಕಿ ಸಾಕಾಗಿ, ಹೋದ ಶರತ್ಕಾಲದಲ್ಲಿ ಅವಳೇ ಬೆಳ್ಳಿ ಬಣ್ಣದ ದಪ್ಪ ಟಾರ್ಪಾಲು ತರಿಸಿದ್ದಳು. ದೋಣಿಯಲ್ಲಿ ಹೇರಿಕೊಂಡು ಬಂದು, ಏಣಿ ಹತ್ತಿ, ಹಗ್ಗ ಬಿಗಿದವಳೂ ಅವಳೇ. ಗಿಡಿಯನ್ ಇಲ್ಲದೆ ಈ ಬಿಡಾರಕ್ಕೆ ಅವಳು ಮಾಡಿದ ಮೊದಲ ದೊಡ್ಡ ಕೆಲಸ ಅದು. ಮಗು ಅದರ ಕೆಳಗೆ ಬೆಚ್ಚಗೆ ಮಲಗುತ್ತಿತ್ತು.

ಬಿಸಿಲು ಏರಿದ ಮೇಲೆ ಅವಳು ಗಡ್ಡೆಯ ಕೆಳಗೆ ಬಿಟ್ಟಿದ್ದ ಮೀನಿನ ಬಲೆ ನೋಡಲು ಹೊಳೆಯ ಬಾಯಿಗೆ ಹೋದಳು. ಕಬ್ಬಿಣದ ಮೊನೆಯ ಕೋಲಿನಿಂದ ಗಡ್ಡೆಯನ್ನು ಕುಟ್ಟಿ ನೋಡುತ್ತ, ಸದ್ದು ಗಟ್ಟಿ ಬಂದ ಕಡೆಯಷ್ಟೇ ಹೆಜ್ಜೆ ಇಟ್ಟಳು. ತೂತಿನ ಮೇಲೆ ಕಟ್ಟಿದ್ದ ತೆಳು ಪದರ ಒಡೆದು, ಮಂಡಿಯೂರಿ ಬಲೆ ಎಳೆದಳು. ಬಿಳಿಮೀನುಗಳು ಒಂದೊಂದಾಗಿ ಬಂದವು. ಹಿಮದ ಮೇಲೆ ಎರಡು ಸಲ ಬಡಿದುಕೊಂಡು ಸುಮ್ಮನಾದವು. ಬೆರಳುಗಳು ಮರಗಟ್ಟಿದಾಗ ಅವನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಳು.

ಆಗ ಹಿಂಡೊಂದು ಬಂತು. ಗಡ್ಡೆಯ ಅಂಚು ಹಿಡಿದು, ಕೆಳಮಟ್ಟದಲ್ಲಿ, ರೆಕ್ಕೆ ಆಗಲೇ ಸಡಿಲಿಸಿ. ಇಳಿಯುವ ಮನಸ್ಸಿದ್ದ ಹಿಂಡು. ಅವು ಹೊಂಡವನ್ನು ಮರೆತಿರಲಿಲ್ಲ, ನೇರ ಅದರ ಕಡೆಗೇ ಹೊರಟಿದ್ದವು. ಡೋರ್ಕಸ್ ಉಸಿರು ಹಿಡಿದು ತಲೆ ತಿರುಗಿಸಿ ಅವುಗಳ ಜೊತೆ ಬಿಡಾರದ ಕಡೆ ನೋಡಿದಳು.

ನೋಡಿ ಕಣ್ಣು ಮುಚ್ಚಿಕೊಂಡಳು.

ದಡದ ಹಿಮ ಕರಗಿತ್ತು. ಕಂದು ಹುಲ್ಲು, ಕಂದು ಪೊದೆ, ಕಪ್ಪು ಮರಗಳು. ಅವುಗಳ ನಡುವೆ ಅವಳ ಬೆಳ್ಳಿ ಸೂರು ಉರಿಯುವಂತೆ ಹೊಳೆಯುತ್ತಿತ್ತು. ಬಿಸಿಲು ಅದರ ಮೇಲೆ ಬಿದ್ದು ಕಣ್ಣನ್ನು ಸೀಳಿಕೊಂಡು ಬರುತ್ತಿತ್ತು. ಹಿಂಡು ಅದರ ನೇರಕ್ಕೆ ಬಂದದ್ದೇ ತಡ, ಮುಂದಿನ ಹಕ್ಕಿ ಗಡಸಾಗಿ ಕೂಗಿತು, ಎಲ್ಲವೂ ಒಟ್ಟಿಗೆ ಮೇಲೆದ್ದವು.

ಅವಳು ಬಲೆಯ ಹಗ್ಗ ಹಿಡಿದು ಹಾಗೇ ಕೂತಳು. ಬಂದ ಮೊದಲ ದಿನ ಸೈಲಸ್ ಎರಡು ಹಕ್ಕಿ ತಂದಿದ್ದ. ಆಗ ಎಲ್ಲೆಲ್ಲೂ ಹಿಮವಿತ್ತು, ಬಿಳಿಯೊಳಗೆ ಬೆಳ್ಳಿ ಕಾಣಲಿಲ್ಲ. ಹಿಮ ಕರಗಿ ನೆಲ ಕಂಡ ಮೇಲೆ ಒಂದೂ ಇಳಿದಿರಲಿಲ್ಲ. ಬೇಟೆಯವರು ಅಡಗಿ ಕೂರುವ ಮರೆ ಬಿಡಾರಕ್ಕೆ ಬೆನ್ನು ಹಾಕಿದೆ. ಹೆಂಗಸರು ಸೂರಿನ ಕೆಳಗೇ ಇರುತ್ತಾರೆ. ಇಷ್ಟು ದೂರದಿಂದ ಬಿಸಿಲಿನಲ್ಲಿ ಅದನ್ನು ನೋಡಿದವರು ಯಾರೂ ಇರಲಿಲ್ಲ, ಹಕ್ಕಿಗಳನ್ನು ಬಿಟ್ಟು.

ಹೇಳದೆ ಇರಬಹುದಿತ್ತು. ಗಡ್ಡೆ ಕಪ್ಪಾಗುತ್ತದೆ, ಎಲ್ಲರೂ ರಸ್ತೆ ಬದಿಗೆ ಹೋಗುತ್ತಾರೆ, ಹಕ್ಕಿಗಳು ಮರೆತವು ಎಂದೇ ಉಳಿಯುತ್ತದೆ. ಅವಳು ಮೀನನ್ನು ಚೀಲಕ್ಕೆ ತುಂಬಿ, ಬಂದ ಹೆಜ್ಜೆಗಳ ಮೇಲೇ ವಾಪಸು ನಡೆದಳು.

ಸೈಲಸ್ ಬಾಗಿಲ ಬಳಿ ಕೋವಿ ಒರೆಸುತ್ತಿದ್ದ.

"ಸೈಲಸ್, ಹಕ್ಕಿಗಳು ಮರೆತಿಲ್ಲ."

"ಮತ್ತೆ?"

"ಸೂರು. ನಾನು ಹೊದಿಸಿದ್ದು. ಗಡ್ಡೆ ಮೇಲಿಂದ ನೋಡ್ದೆ, ಕಣ್ಣು ಬಿಡೋಕಾಗ್ಲಿಲ್ಲ."

ಅವನು ಕೋವಿ ಒರಗಿಸಿಟ್ಟು ಗಡ್ಡೆಯ ಕಡೆ ನಡೆದ. ಒಂದಷ್ಟು ದೂರ ಹೋಗಿ ತಿರುಗಿ ನೋಡಿದ. ತುಂಬ ಹೊತ್ತು ಅಲ್ಲೇ ನಿಂತಿದ್ದ. ವಾಪಸು ಬಂದಾಗ ಮುಖ ಗಂಭೀರವಾಗಿತ್ತು.

"ಜೆಮೈಮಾ," ಎಂದ, "ಇವತ್ತು ಬೆಳಿಗ್ಗೆ ಅತ್ತಿಗೆ ನಿನಗೆ ಏನೋ ಹೇಳ್ತಿದ್ಲಲ್ಲ, ಹೊಳೆಯೋ ಸಾಮಾನಿನ ವಿಷಯ. ಇನ್ನೊಂದು ಸಲ ಹೇಳ್ಸು."

ಜೆಮೈಮಾ ಹೊರಗೆ ಬಂದು, ವಿಷಯ ತಿಳಿದುಕೊಂಡು, ಸೊಂಟದ ಮೇಲೆ ಕೈಯಿಟ್ಟು ಸೂರನ್ನು ನೋಡಿದಳು. "ನಾನು ಮುಖ ತೊಳೆಯೋ ಬೋಗುಣಿ ಇಟ್ಟೆ. ನೀನು ಮನೆಯಷ್ಟು ದೊಡ್ಡ ಬೋಗುಣಿ ತಂದು ನಮ್ಮ ಮೇಲೇ ಕವುಚಿದ್ದೀಯಲ್ಲ ಅಕ್ಕ."

"ಕವುಚಿದ್ದೀನಿ," ಎಂದಳು ಡೋರ್ಕಸ್. "ಬೈಯೋದಿದ್ರೆ ಬೈ. ಬೆಳಿಗ್ಗೆಯ ಬಾಕಿ ತೀರ್ಲಿ."

"ಮೀನು ಎಷ್ಟು ಬಂತು ಹೇಳು ಮೊದಲು. ಹೊಟ್ಟೆ ತುಂಬಿದ ಮೇಲೆ ಬೈತೀನಿ."

ಟಾರ್ಪಾಲು ಕಿತ್ತುಹಾಕೋಣ ಎಂದ ಸೈಲಸ್. ಆದರೆ ಕೆಳಗಿನ ಹಳೆ ಬಟ್ಟೆ ಜರಡಿಯಾಗಿತ್ತು. ಮಳೆ ಬಂದರೆ ಮಗು ಎಲ್ಲಿ ಮಲಗಬೇಕು? ಡೋರ್ಕಸ್ ಹಿಂಬದಿಯ ಮರಗಳ ಕಡೆ ನೋಡಿದಳು.

"ಹಳೇ ಸೊಪ್ಪು ಹೊದಿಸೋಣ."

ಸೈಲಸ್ ತಡೆದ. "ಅದನ್ನ ಅಲ್ಲಿಂದ ತೆಗೀಬಹುದಾ? ಅಣ್ಣ ಇದ್ದಿದ್ರೆ ಒಪ್ತಿದ್ನಾ?"

"ಕಾಲಿಗೆ ಸಿಗಬಾರದು, ಅಷ್ಟೇ ತಾನೆ. ಸೂರಿನ ಮೇಲೆ ಯಾರು ನಡೀತಾರೆ?"

ಅವನು ಸ್ವಲ್ಪ ಯೋಚಿಸಿದ. "ಕರಡಿ," ಎಂದು, ಏಣಿ ತರಲು ಹೋದ.

ಡೋರ್ಕಸ್ ಏಣಿಯ ಮೇಲೆ, ಸೈಲಸ್ ಕೆಳಗಿನಿಂದ ಕಂತೆ ಎತ್ತಿಕೊಡುತ್ತ. ಅಂಚಿನಿಂದ ಶುರುಮಾಡಿ ಒಂದರ ಬುಡವನ್ನು ಇನ್ನೊಂದರ ತುದಿ ಮುಚ್ಚುವಂತೆ ಅವಳು ಹೊದಿಸುತ್ತ ಹೋದಳು, ನೆಲಕ್ಕೆ ಹಾಸುವ ಹಾಗೆಯೇ. ಒಲೆಯ ಕೊಳವೆಯ ಸುತ್ತ ಕಿಡಿಗೆ ಹೆದರಿ ಅಗಲ ಜಾಗ ಬಿಟ್ಟು, ಅಲ್ಲಿ ಕೆಸರು ಮೆತ್ತಿದಳು. ಕೊನೆಗೆ ಎಲ್ಲದರ ಮೇಲೆ ಭಾರಕ್ಕೆ ಗಿಡಿಯನ್ ಕಡಿದ ಕಡ್ಡಿಗಳು. ಅವನ್ನು ಅವಳು ಎಸೆಯಲಿಲ್ಲ, ಒಂದೊಂದಾಗಿ ಇಟ್ಟಳು. ಓರೆ ತುದಿಗಳು ಸಮುದ್ರದ ಕಡೆ.

ಮಾರನೆಯ ದಿನ ಗಾಳಿಯೇ ಇರಲಿಲ್ಲ. ಹೊಗೆ ನೆಟ್ಟಗೆ ನಿಂತಿತ್ತು. ಹೊಂಡಕ್ಕೆ ಹೋಗುವ ದಾರಿಯನ್ನು ಸೈಲಸ್ ಎರಡು ಸಲ ನೋಡಿದ. ಕೋವಿ ಮುಟ್ಟಲಿಲ್ಲ. ಕೂತು ಬಲೆಯ ತೂತು ಹೊಲಿದ. ಡೋರ್ಕಸ್ ಅದನ್ನು ನೋಡಿಯೂ ನೋಡದವಳಂತೆ ಮೀನು ಹೊಗೆಗೆ ತೂಗುಹಾಕಿದಳು. ಕೊಲ್ಲಿಯ ಗಡ್ಡೆಯ ಮೇಲೆ ಅಲ್ಲಲ್ಲಿ ಕಪ್ಪು ಮೂಡತೊಡಗಿತ್ತು. ಯಾರೂ ಅದರ ಮಾತೆತ್ತಲಿಲ್ಲ.

ಅದರ ಮರುದಿನ ಬೆಳಿಗ್ಗೆ ಬಾಗಿಲ ಬಟ್ಟೆ ಪಟಪಟ ಬಡಿಯಿತು. ದಕ್ಷಿಣದ ಗಾಳಿ. ಸೈಲಸ್ ಆಗಲೇ ಹೋಗಿದ್ದ. ಡೋರ್ಕಸ್ ಲಿಡಿಯಾಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಮಗು ಕೆಳಗಿಳಿಯಲು ಒದ್ದಾಡಿತು. ದೂರದಲ್ಲಿ ಒಂದು ಕೂಗು, ಆಮೇಲೆ ಹಲವು. ಹತ್ತಿರ ಬಂದವು. ಅವಳು ಕಣ್ಣಿಗಿಂತ ಕಿವಿಯನ್ನೇ ನಂಬಿ, ದನಿ ಗಡಸಾಗುವುದನ್ನು ಕಾಯುತ್ತ ನಿಂತಳು.

ಗಡಸಾಗಲಿಲ್ಲ. ಅವು ಮೆಲ್ಲಗೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ದನಿಯಲ್ಲಿ ಸೂರಿನ ಮೇಲೆಯೇ ಹಾದವು. ರೆಕ್ಕೆಯ ಗಾಳಿ ಕೇಳಿಸುವಷ್ಟು ಹತ್ತಿರ. ಮಗು ಬಾಯಿ ತೆರೆದು ಮೇಲೆ ನೋಡಿತು. ಹೊಂಡದಲ್ಲಿ ನೀರು ಚಿಮ್ಮಿದ ಸದ್ದು ಬಂತು. ಗುಂಡಿನ ಸದ್ದು ಬರಲಿಲ್ಲ.

"ಯಾಕಮ್ಮ ಚಿಕ್ಕಪ್ಪ ಹೊಡೀತಿಲ್ಲ?" ಎಂದಳು ಯೂನಿಸ್ ಪಿಸುದನಿಯಲ್ಲಿ.

"ಮೊದಲು ಬಂದವನ್ನ ಕೂರೋಕೆ ಬಿಡ್ತಿದಾನೆ. ಅವು ಕೂತ್ರೆ ಬೇರೆಯವು ನಂಬ್ತವೆ." ಡೋರ್ಕಸ್ ಮಗುವನ್ನು ಇನ್ನೊಂದು ಭುಜಕ್ಕೆ ಬದಲಿಸಿದಳು. "ನಿಮ್ಮಪ್ಪನೂ ಹೀಗೇ ಮಾಡ್ತಿದ್ದ."

ಮೂರನೆಯ ಹಿಂಡು ಬಂದ ಮೇಲೆ ಕೋವಿ ಮಾತಾಡಿತು.

ಮಧ್ಯಾಹ್ನ ಬೆಂಕಿಯ ಪಕ್ಕ ದಾರಕ್ಕೆ ಕಟ್ಟಿದ ಹೆಬ್ಬಾತು ತನ್ನಷ್ಟಕ್ಕೆ ತಿರುಗುತ್ತ, ನಿಂತು, ಮತ್ತೆ ಹಿಂದಕ್ಕೆ ತಿರುಗುತ್ತ ಬೇಯುತ್ತಿತ್ತು. ಕೊಬ್ಬು ಕೆಳಗಿನ ಬೋಗುಣಿಗೆ ತೊಟ್ಟಿಕ್ಕುತ್ತಿತ್ತು; ಜೆಮೈಮಾ ಅದೇ ಬೋಗುಣಿಯನ್ನು ಇಟ್ಟಿದ್ದಳು, ಇಟ್ಟು ಡೋರ್ಕಸಳ ಮುಖ ನೋಡಿದ್ದಳು. ಸುತ್ತಲೂ ಪುಕ್ಕ ಹಾರುತ್ತಿತ್ತು. ಯೂನಿಸ್ ಇನ್ನೊಂದು ಹಕ್ಕಿಯ ಪುಕ್ಕ ಕೀಳುತ್ತ ಕೂತಿದ್ದಳು.

ಸೈಲಸ್ ಬೂಟಿನ ಕೆಸರು ಕೆರೆಯುತ್ತ ಹೇಳಿದ, "ರಸ್ತೆ ಕಡೆಯೋರಿಗೆ ಏನು ಹೇಳ್ಲಿ ಅತ್ತಿಗೆ?"

"ನೀನು ಯಜಮಾನ. ನೀನೇ ಹೇಳು."

"ಜಾಗ ಬೇಡ ಅಂತೀನಿ."

"ಮತ್ತೆ ನನ್ನ ಮಂಡಿ?" ಎಂದಳು ಜೆಮೈಮಾ.

"ಹೆಬ್ಬಾತಿನ ಕೊಬ್ಬು ತಿಕ್ಕಿಕೊಡ್ತೀನಿ ಬಿಡೇ," ಎಂದು ಡೋರ್ಕಸ್ ಎದ್ದಳು. ಬಾಗಿಲಿನ ಮುಂದಿನ ನೆಲ ನೋಡಿದಳು. ಕರಗಿದ ಹಿಮದ ನೀರು ನಿಂತು, ಎಲ್ಲರ ಬೂಟಿನ ತುಳಿತಕ್ಕೆ ಸಿಕ್ಕಿ, ರೊಚ್ಚೆಯಾಗಿತ್ತು. ಅಲ್ಲಿಂದ ಆಚೆ ಆ ವಾಲಿದ ಮರ.

"ನೋಡು ಇದನ್ನ," ಎಂದಳು, ಕೊಡಲಿ ಎತ್ತಿಕೊಳ್ಳುತ್ತ. "ಮಗು ಮೊದಲನೇ ಹೆಜ್ಜೆ ಇಡೋದು ಈ ಕೆಸರಿಗಾ? ಬಾಗಿಲಿಂದ ಮರದ ತನಕ ಹಸಿ ಸೊಪ್ಪು ಹಾಸಬೇಕು, ದಪ್ಪ ಕಡ್ಡಿ ಬೇಡ, ಎಳೆ ತುದಿ ಸಾಕು, ಕಾಲಿಗೆ ಚುಚ್ಚಬಾರದು. ಸೈಲಸ್, ವೈರ್‌ಲೆಸ್ ರೇಡಿಯೋದಲ್ಲಿ ಊರಿಗೆ ಹೇಳು, ಬರೋರೆಲ್ಲ ಗಡ್ಡೆ ಗಟ್ಟಿ ಇರೋವಾಗ್ಲೇ ಬರ್ಲಿ, ಯೂನಿಸ್, ಅವಳ ಹೊಸ ಪಾದರಕ್ಷೆ ಆ ಹಸಿರು ಪೆಟ್ಟಿಗೇಲಿ ನನ್ನ ಶಾಲಿನ ಕೆಳಗೆ ಇಟ್ಟಿದ್ದೆ, ಅದನ್ನ ತೆಗೆದು ಒಂದ್ಸಲ ಬಿಸಿಲಿಗೆ ಹಿಡಿದು, ಆಮೇಲೆ ನಾಳೆ ಗಾಳಿ ಹೀಗೇ ಇದ್ರೆ ನಾವು..." ಎನ್ನುತ್ತಲೇ ಅವಳು ಸ್ಪ್ರೂಸ್ ಮರಗಳ ಕಡೆಗೆ ನಡೆದಳು.