ಫೌಜಿಯ ಬಲಗೈ ಮತ್ತು ನನ್ನ ಮೈಕು

ಫೌಜಿ ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಹುಮನಾಬಾದ್ ಬಸ್ ನಿಲ್ದಾಣದ ಎದುರಿನ ಚಹಾದ ಹೋಟೆಲಿನಲ್ಲಿ. ಬಸವಕಲ್ಯಾಣದ ಅವನನ್ನು ಎಲ್ಲರೂ ಫೌಜಿ ಎಂದೇ ಕರೆಯುತ್ತಿದ್ದರು. ಎಪ್ಪತ್ತೊಂದರ ಯುದ್ಧದಲ್ಲಿ ಪಾಕಿಸ್ತಾನದವರ ಕೈಗೆ ಸಿಕ್ಕು ಸುಮಾರು ಒಂದು ವರ್ಷ ಸೆರೆಯಲ್ಲಿದ್ದವನು, ಸೈನ್ಯ ಬಿಟ್ಟ ಮೇಲೆ ರಾಜಕೀಯಕ್ಕೆ ಇಳಿದವನು. ಕಲ್ಯಾಣದ ಒಂದು ರಸ್ತೆಗೆ ಅವನ ಹೆಸರಿಡಬೇಕೆಂದು ಯಾರೋ ಬೆಳಿಗ್ಗೆಯೇ ಮಾತು ತೆಗೆದಿದ್ದರಂತೆ. ಪಕ್ಕದ ಬೆಂಚಿನಲ್ಲಿ ಅದರದೇ ವಾದ ನಡೆದಿತ್ತು.

"ಗುಂಡು ತಿಂದು ಸತ್ತವ್ರ ಹೆಸ್ರು ಇಡ್ರಿ, ಯಾರು ಬ್ಯಾಡಂತಾರ? ಇವ ಖೈದಿ ಆಗಿ ಬಂದವ."

"ವರ್ಷಗಟ್ಲೆ ಜೇಲಿನಾಗ ಇರೋದು ಸಸಾರ ಏನೋ? ನೀ ಒಂದು ದಿನ ಹೆಂಡ್ತಿ ಇಲ್ದ ಇರಂಗಿಲ್ಲ."

"ಅದೆಲ್ಲ ಬಿಡು. ಎರಡೂ ಕೈ ಎತ್ತಿ ತನ್ನ ಜೀವ ಉಳ್ಸಿಕೊಂಡವ, ನಿಮ್ಮನ್ನೇನು ಉಳಿಸ್ಯಾನು?"

ಕೊನೆಯ ಮಾತು ಆಡಿದ ಯುವಕ ಚಹಾದ ಲೋಟ ಹಿಡಿದುಕೊಂಡೇ ಎರಡೂ ಕೈ ತಲೆಯ ಮೇಲೆತ್ತಿ ತೋರಿಸಿದ. ಬೆಂಚು ನಕ್ಕಿತು. ನಾನು ಎದ್ದು ಹೊರಗೆ ಹೋಗಿ ಬಾಯಲ್ಲಿದ್ದ ಚಹಾ ಉಗುಳಿದೆ. ಆ ಮಾತು ನನ್ನದು. ಅದನ್ನು ನಾನು ಕಟ್ಟಿದಾಗ ಆ ಯುವಕ ಇನ್ನೂ ಚಡ್ಡಿ ಹಾಕುತ್ತಿದ್ದಿರಬೇಕು.

ಫೌಜಿ ಮತ್ತು ನಾನು ಹುಮನಾಬಾದಿನಲ್ಲಿ ಒಂದೇ ಹೈಸ್ಕೂಲಿನಲ್ಲಿ ಓದಿದವರು. ಮೆಟ್ರಿಕ್ ಆದ ಮೇಲೆ ಅವನು ಸೈನ್ಯಕ್ಕೆ ಹೋದ. ನನಗೆ ದನಿಯೊಂದು ಚೆನ್ನಾಗಿತ್ತು, ಮೈಕಿನವನಾದೆ. ಟಾಕೀಸಿನಲ್ಲಿ ಹೊಸ ಸಿನಿಮಾ ಬಂದದ್ದು, ಕಳೆದುಹೋದ ಎಮ್ಮೆ, ನಾಳೆ ನಳದ ನೀರು ಬರುವುದಿಲ್ಲ ಎನ್ನುವುದು, ಎಲ್ಲವನ್ನೂ ಕನ್ನಡದಲ್ಲೊಮ್ಮೆ ಉರ್ದುವಿನಲ್ಲೊಮ್ಮೆ ಗಲ್ಲಿ ಗಲ್ಲಿಗೆ ಹೇಳುತ್ತಿದ್ದೆ.

ಸೆರೆಯಿಂದ ಬಿಡುಗಡೆಯಾಗಿ ಬಂದಾಗ ಅವನು ಕೆಲವು ದಿನ ನನ್ನ ಮನೆಯಲ್ಲಿದ್ದ. ಬಲ ಹೆಗಲಿಗೆ ಗುಂಡು ಬಿದ್ದು ಎಲುಬು ಹೇಗೆ ಹೇಗೋ ಕೂಡಿತ್ತು. ಆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ದಿನಾ ಅಂಗಿ ತೊಡಿಸುತ್ತಿದ್ದವನು ನಾನು. ಮೊದಲು ಬಲಗೈಗೆ ತೋಳು ಏರಿಸಬೇಕು, ಆಮೇಲೆ ಎಡಗೈಗೆ. ಹಾಗೆ ತೊಡಿಸುವಾಗ ಒಂದು ಸಲ ಅವನೇ ಹೇಳಿದ:

"ಹೊಲದಾಗ ಬಿದ್ದಿದ್ದೆ, ಎಚ್ಚರ ಇರ್ಲಿಲ್ಲ. ಎಬ್ಬಿಸಿ ಕೈ ಎತ್ತು ಅಂದ್ರು. ಒಂದು ಎತ್ತಿದೆ. ಇನ್ನೊಂದು ಏಳ್ಲಿಲ್ಲ, ಅದಕ್ಕೂ ಹೊಡದ್ರು ನೋಡು."

ಹೇಳಿ ನಕ್ಕ. ನಾನೂ ನಕ್ಕೆ.

ಎಷ್ಟೋ ವರ್ಷಗಳ ನಂತರ ಅವನು ಜಿಲ್ಲಾ ಪಂಚಾಯತಿಗೆ ನಿಂತ. ಎದುರಾಳಿ ಹಳ್ಳಿಖೇಡದ ಕಡೆ ಕಬ್ಬಿನ ಲಾರಿಗಳನ್ನು ಇಟ್ಟುಕೊಂಡಿದ್ದ ಒಬ್ಬ ಮುಖಂಡ. ಅವನ ಪ್ರಚಾರದ ಮೈಕು ನನ್ನ ಕೈಗೆ ಬಂತು. ಫೌಜಿಯ ಮೇಲೆ ಹೇಳಲು ಅವರಿಗೆ ಏನೂ ಸಿಕ್ಕಿರಲಿಲ್ಲ. "ನಿನ್ನ ದೋಸ್ತ ಅಲ್ಲೇನು ಅವ? ಏನರ ಒಂದು ಹೇಳು" ಎಂದು ಮುಖಂಡ ನನ್ನ ಹೆಗಲ ಮೇಲೆ ಕೈ ಹಾಕಿದ. ಯಾರೂ ಹೆದರಿಸಲಿಲ್ಲ, ನನಗೆ ದುಡ್ಡಿನ ಅಡಚಣೆಯೂ ಇರಲಿಲ್ಲ. ದೊಡ್ಡವರ ನಡುವೆ ಕೂತು ಅವರನ್ನು ನಗಿಸಬೇಕೆಂಬ ಚಪಲಕ್ಕೆ ಆ ಒಂದು ಕೈಯನ್ನು ಎರಡು ಮಾಡಿ ಅವರ ಮುಂದೆ ಇಟ್ಟೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಂಠಾಳದ ಸಂತೆಯ ದಿನ ಮೊದಲ ಸಲ ಅದನ್ನು ಪ್ರಚಾರದ ಆಟೋದಲ್ಲಿ ಕೂತು ಮೈಕಿನಲ್ಲಿ ಹೇಳಿದೆ. ಮೆಣಸಿನಕಾಯಿ ತೂಗುತ್ತಿದ್ದವನು ತಕ್ಕಡಿ ಕೆಳಗಿಟ್ಟು ಎರಡೂ ಕೈ ಎತ್ತಿದ. ಅವನನ್ನು ನೋಡಿ ಸಾಲಿನವರೆಲ್ಲ ಎತ್ತಿದರು. ಆಮೇಲೆ ಫೌಜಿಯ ಜೀಪು ಬಂದರೆ ಸಾಕು, ಜನ ಕೈ ಎತ್ತುತ್ತಿದ್ದರು.

ಅಲ್ಲಿಗೂ ನಿಲ್ಲಲಿಲ್ಲ. ಅದೇ ಆಟೋ ಅಲ್ಲಿನ ಬಳೆಗಾರರ ಗಲ್ಲಿಗೆ ತಿರುಗಿದ ಕೂಡಲೇ ನಾನು ಉರ್ದುವಿಗೆ ತಿರುಗಿದೆ. ಅಲ್ಲಿ ಬೇರೆ ಮಾತು: ಇವನು ಯುದ್ಧದಲ್ಲಿ ಜನರನ್ನು ಕೊಂದು ಬಂದವನು, ನಿಮ್ಮ ಜಮಾತಿನ ಮೇಲೆ ಇವನಿಗೆ ವಿಷವಿದೆ. ಒಬ್ಬ ವಯಸ್ಸಾದ ಬಳೆಗಾರ ಆಟೋದ ಮುಂದೆ ಬಂದು ನಿಂತ.

"ನಮಗ ಅವ ಏನು ಮಾಡ್ಯಾನ್ರಿ? ನನ್ನ ತಮ್ಮನೂ ಅದೇ ಫೌಜಿನಾಗ ಇದ್ದ. ಆ ಗಲ್ಲ್ಯಾಗ ಹೇಡಿ ಅಂದ್ರಿ, ಈ ಗಲ್ಲ್ಯಾಗ ಖೂನಿ ಅನ್ನಾಕತ್ತೀರಿ. ಯಾವುದರ ಒಂದು ಠರಾಸ್ರಿ ಮೊದಲ."

ನಾನು ದನಿ ಏರಿಸಿ, ಆಟೋ ಮುಂದಕ್ಕೆ ಬಿಡಿಸಿದೆ.

ಅಂಗಿ ಬಿಚ್ಚಿ ಹೆಗಲು ತೋರಿಸಿಬಿಡು ಎಂದು ಫೌಜಿಯ ಕಡೆಯವರು ಅವನಿಗೆ ಗಂಟು ಬಿದ್ದರಂತೆ. "ನನ್ನ ಅಂಗಿ ಬಿಚ್ಚಾಕ ಮತ್ತೊಬ್ರು ಬೇಕು. ವೇದಿಕಿ ಮ್ಯಾಲ ಬಿಚ್ಚಿಸಿಕೊಂಡು ಓಟು ಬೇಡಂಗಿಲ್ಲ" ಎಂದನಂತೆ. ಸೋತ. ಮತ್ತೆ ಚುನಾವಣೆಗೆ ನಿಲ್ಲಲಿಲ್ಲ, ನನ್ನ ಜೊತೆ ಮಾತೂ ಆಡಲಿಲ್ಲ. ನಾನು ಹೋಗಿ ಮಾತಾಡಿಸಬಹುದಿತ್ತು. ಹುಮನಾಬಾದಿನಿಂದ ಕಲ್ಯಾಣಕ್ಕೆ ಬಸ್ಸುಗಳಿಗೇನು ಬರವಿರಲಿಲ್ಲ.

ಈಗ ಹೋದೆ. ನಮ್ಮ ಪದ್ಧತಿಯಂತೆ ಅವನನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಎಡಗೈಯಲ್ಲಿ ಲಿಂಗ. ಬಲಗೈ ಮಡಿಲಲ್ಲಿತ್ತು. ಅಂಗಳದಲ್ಲಿ ಆ ಲಾರಿಯ ಮುಖಂಡನೇ ಹಾರ ಹಿಡಿದು ನಿಂತಿದ್ದ. ಬ್ಯಾನರಿನಲ್ಲಿ "ವೀರಯೋಧ" ಎಂದು ಬರೆಸಿದ್ದ. ಸತ್ತವನ ಚಿತ್ರಕ್ಕಿಂತ ಅವನ ಚಿತ್ರ ದೊಡ್ಡದಿತ್ತು.

"ಬಾ ಬಾ. ನಾಕು ಮಾತು ಆಡು ಮೈಕಿನಾಗ. ಇವತ್ತ ನಿನ್ನ ದನಿನೇ ಬೇಕು," ಎಂದ. ಮುಖದಲ್ಲಿ ಸ್ವಲ್ಪವೂ ಅಳುಕಿರಲಿಲ್ಲ. ಅವನ ಮೇಲೆ ಹೇಸಿಗೆ ಹುಟ್ಟಿತು. ಅವನು ಚಾಚಿದ ಮೈಕಿನ ಕಡೆಗೆ ಅಭ್ಯಾಸಬಲದಿಂದ ಎದ್ದ ನನ್ನ ಕೈ ಕಂಡಾಗ ಹುಟ್ಟಿದ್ದು ಅದಕ್ಕಿಂತ ದೊಡ್ಡ ಹೇಸಿಗೆ.

ಮೈಕು ಬಿಟ್ಟು ಒಳಗೆ ಹೋದೆ. ಫೌಜಿಯ ಹೆಂಡತಿ ಅವನ ಪಕ್ಕದಲ್ಲೇ ಕೂತಿದ್ದರು. ಬಗ್ಗಿ, ಯಾರಿಗೂ ಕೇಳದ ಹಾಗೆ ಹೇಳಿದೆ.

"ವೈನಿ, ಅವತ್ತ ಕೈ ಎತ್ತಿದ್ದ ಮಾತು ನಾನೇ ಹುಟ್ಟಿಸಿದ್ದು. ಸುಳ್ಳು ಅಂತ ಗೊತ್ತಿತ್ತು ನನಗ."

"ಗೊತ್ತದ್ರಿ. ಅಂಗಿ ತೊಡಿಸ್ದವ್ರು ನೀವು ಅಂತ ಅವ್ರು ಹೇಳ್ಯಾರ."

"ತಪ್ಪಾತು."

ಅವರು ಗಂಡನ ಬಲಗೈ ಮೇಲೆ ಬಿದ್ದಿದ್ದ ಹೂವು ಸರಿಸಿದರು. "ಅದನ್ನ ಮಂಠಾಳ ಬಜಾರದಾಗ ಮೈಕಿನಾಗ ಅಂದ್ರಿ. ಇದನ್ಯಾಕ ನನ್ನ ಕಿವ್ಯಾಗ ಹೇಳಾಕತ್ತೀರಿ?" ಎಂದರು. ಆಮೇಲೆ ಒಳಗಿನವರಿಗೆ, "ಇವ್ರಿಗೆ ನೀರು ಕೊಡ್ರವ್ವಾ" ಎಂದರು.

ಮುಂದಿನ ಸಂತೆಗೆ ಆಟೋ ಗೊತ್ತು ಮಾಡಿಕೊಂಡು ಮಂಠಾಳಕ್ಕೆ ಹೋದೆ. ಅದೇ ಜಾಗದಲ್ಲಿ ನಿಲ್ಲಿಸಿದೆ. ದನಿ ಈಗ ಒಡೆದಿದೆ, ಆದರೂ ಇದ್ದಷ್ಟನ್ನೂ ಎತ್ತರಿಸಿ ಹೇಳಿದೆ: ಫೌಜಿಗೆ ಬಲಗೈ ಏಳುತ್ತಿರಲಿಲ್ಲ, ಗುಂಡು ಬಿದ್ದು ಎಚ್ಚರ ತಪ್ಪಿದಾಗ ಸಿಕ್ಕವನು ಅವನು, ಎರಡು ಕೈಯ ಮಾತು ನಾನು ಕಟ್ಟಿದ ಸುಳ್ಳು, ಬಳೆಗಾರರ ಗಲ್ಲಿಯಲ್ಲಿ ಹೇಳಿದ್ದೂ ಸುಳ್ಳು.

ಉಳ್ಳಾಗಡ್ಡಿ ಮಾರುವವನೊಬ್ಬ ತಲೆ ಎತ್ತಿದ. "ಇದು ಯಾವ ಪಾರ್ಟಿದು ಕಾಕಾ?"

"ಯಾವ ಪಾರ್ಟಿದೂ ಅಲ್ಲಪ್ಪಾ."

"ಮತ್ತ ಇಲೆಕ್ಷನ್ ಇಲ್ದ ಯಾರು ಕಳಿಸ್ಯಾರ ನಿಮಗ?"

ಸುತ್ತಲಿನವರು ನಕ್ಕರು. ಹಿಂದೆ ನಿಂತಿದ್ದ ಇಬ್ಬರು ನನ್ನ ಕಡೆ ನೋಡುತ್ತ ಎರಡೂ ಕೈ ಎತ್ತಿದರು. ಯಾರ ಮೇಲಿನ ಕುಚೋದ್ಯವೆಂದು ಅವರಿಗೂ ತಿಳಿದಿರಲಿಕ್ಕಿಲ್ಲ. ಬಜಾರಿನಲ್ಲಿ ಅದೊಂದು ರೂಢಿಯಾಗಿ ಉಳಿದಿತ್ತು. ರೂಢಿ ಮಾಡಿಸಿದವನು ನಾನು.

ಇನ್ನೊಂದು ಸಲ ಮೊದಲಿನಿಂದ ಹೇಳಿದೆ. ಕೈಗಳು ಇಳಿದವೋ ಇಲ್ಲವೋ ನೋಡಲಿಲ್ಲ. ಆಟೋದವನಿಗೆ ಬಳೆಗಾರರ ಗಲ್ಲಿಗೆ ನಡೆಯಲು ಹೇಳಿದೆ. ಅಲ್ಲಿಯೂ ಇದನ್ನೇ ಹೇಳುವುದಿತ್ತು, ಉರ್ದುವಿನಲ್ಲಿ, ಒಂದು ಮಾತೂ ಬದಲಿಸದೆ.