ವೈನ್ ಮೇಡಂ ಮೂಗು

ರಾಯಾಪುರದ ಹೋಟೆಲೊಂದರಲ್ಲಿ ನಾನು ಅಡುಗೆ ಮಾಡುತ್ತಿದ್ದಾಗ, ಅಲ್ಲಿ ವೈನ್ ಆರಿಸಿ ಬಡಿಸುವವರನ್ನು ನಾವೆಲ್ಲ ವೈನ್ ಮೇಡಂ ಎನ್ನುತ್ತಿದ್ದೆವು. ಗ್ಲಾಸನ್ನು ಮೆಲ್ಲಗೆ ತಿರುಗಿಸಿ, ಕಣ್ಣು ಮುಚ್ಚಿ ಮೂಸಿ, ಒಂದು ಗುಟುಕನ್ನು ಬಾಯಲ್ಲಿ ಆಡಿಸಿ ಉಗುಳಿಬಿಡುತ್ತಿದ್ದರು. "ಅವಸರ ಮಾಡಬ್ಯಾಡ್ರಿ, ಅದು ತಾನಾ ಹೇಳತೈತಿ" ಎಂಬುದು ಅವರ ಮಾತು. ಎರಡು ಮೂರು ತಳಿಯ ದ್ರಾಕ್ಷಿ ಬೆರೆಸಿದ ಫ್ರಾನ್ಸಿನ ದಟ್ಟ ಕೆಂಪು ವೈನ್ ಅವರಿಗೆ ಅಚ್ಚುಮೆಚ್ಚು. ಅದರಲ್ಲಿ ಅವರಿಗೆ ನೇರಳೆಹಣ್ಣಿನ, ಹೊಗೆಸೊಪ್ಪಿನ ಘಮ ಸಿಗುತ್ತಿತ್ತು.

ಒಮ್ಮೆ ಜ್ವರದಿಂದೆದ್ದು ಬಂದವರು ಮಂಕಾಗಿದ್ದರು. ಆ ಸಂಜೆ ಮಾಲೀಕರು ಅತಿಥಿಗಳನ್ನು ಕರೆದಿದ್ದರು. ಮೇಡಂ ಬಾಟಲಿ ತೆರೆದು ಮೂಸಿದರು, ಮತ್ತೆ ಮೂಸಿದರು. ಗ್ಲಾಸು ಹಿಡಿದು ಅಡುಗೆಮನೆಗೆ ಬಂದು ನನ್ನ ಮುಂದೆ ಚಾಚಿದರು.

"ಇದರಾಗ ಹಸಿ ಅರಿವಿ ಮುಗ್ಗಿದ ವಾಸನಿ ಐತೇನ್ರಿ? ನನಗೇನೂ ಗೊತ್ತಾಗವಲ್ದು."

ಮೂಸಿದೆ. "ಐತ್ರಿ" ಎಂದೆ. ಬಿರಡೆ ಕೆಟ್ಟು, ವೈನಿಗೆ ಮುಗ್ಗಿದ ಬಟ್ಟೆಯ ವಾಸನೆ ಹತ್ತಿ ಹಾಳಾಗಿತ್ತು.

ಸುಮ್ಮನೆ ಬೇರೆ ಬಾಟಲಿ ಒಯ್ಯಬಹುದಿತ್ತು. ಆದರೆ ಅವರು ಮಾಲೀಕರನ್ನು ಕರೆದು, ನನ್ನತ್ತ ತೋರಿಸಿ, "ಜ್ವರ ಬಂದಾಗಿಂದ ನನಗ ವಾಸನಿ ಬರವಲ್ದರಿ. ನಾಲಿಗಿಗೆ ಒಗರಷ್ಟ ತಿಳಿತೈತಿ. ಇನ್ನ ಇವರು ಮೂಸಿದ ಮ್ಯಾಲ ಬಡಿಸ್ತೇನಿ" ಎಂದರು. ಮಾಲೀಕರು ಆ ಗ್ಲಾಸನ್ನು ತಾವೂ ಮೂಸಿ ನೋಡಿದರು. ಆಮೇಲೆ, "ಆತು, ಹಂಗ ಮಾಡ್ರಿ" ಎಂದರು.

ಕೆಲಸ ಉಳಿಯಿತಾದರೂ, ವಾಸನೆ ಮರಳಲಿಕ್ಕಿಲ್ಲವೆಂಬ ಅವರ ಭಯ ಹೋಗಲಿಲ್ಲ. ದಿನವೂ ನನ್ನ ಲವಂಗದ ಡಬ್ಬಿ ತೆರೆದು ಮೂಸಿ, ಏನೂ ವಾಸನೆ ಬಾರದೆ ಮುಚ್ಚಿಡುತ್ತಿದ್ದರು.

ತಿಂಗಳುಗಳ ಮೇಲೆ ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ಅಂಜುತ್ತ ಕೇಳಿದರು: "ಬಳ್ಳೊಳ್ಳಿ ಹೊತ್ತೈತೇನ್ರಿ? ಇಲ್ಲಾ ನನಗಷ್ಟ ಹಂಗ ಅನಸಾಕತ್ತೈತೋ?"

ಬಾಣಲೆ ನೋಡಿದೆ. ಬೆಳ್ಳುಳ್ಳಿ ನಿಜಕ್ಕೂ ಕರ್ರಗಾಗಿತ್ತು. "ಹೊತ್ತೈತ್ರಿ" ಎಂದು ಒಲೆ ಆರಿಸಲು ಕೈ ಚಾಚಿದೆ.

"ಇರಲಿ, ಆರಿಸಬ್ಯಾಡ್ರಿ" ಎನ್ನುತ್ತ ಅವರು ಒಲೆಯ ಹತ್ತಿರ ಬಂದು, ಕಣ್ಣು ಮುಚ್ಚಿ ಆ ಹೊಗೆಯನ್ನು ಮೂಸಿದರು.